ಇಪ್ಪತ್ತೇಳನೆಯ ಷರಾ

ಮೂವತ್ತೊಂದು ವರ್ಷದಲ್ಲಿ ಪೋಷಕರ ಸಭೆಯ ದಿನ ಟೀಚರಮ್ಮನಿಗೆ ತಳಮಳವಾದದ್ದು ಇದೇ ಮೊದಲು. ಆ ದಿನ ತಳಮಳ ಪಡಬೇಕಾದವರು ಬೇರೆಯವರು: ಮಕ್ಕಳು, ಮಕ್ಕಳಿಗಿಂತ ಹೆಚ್ಚಾಗಿ ಅವರ ಅಪ್ಪಂದಿರು. ಎಂಟನೆಯ ತರಗತಿಯ ಬೆಂಚಿನೊಳಗೆ ಮೊಣಕಾಲು ತುರುಕಿಕೊಂಡು ಕೂತು, ನಿಮ್ಮ ಕಾಲದಲ್ಲಿ ಗಣಿತದಲ್ಲಿ ಎಷ್ಟು ಬಂದಿತ್ತು ಎಂದು ಯಾರಾದರೂ ಕೇಳಿಬಿಟ್ಟರೆ ಏನು ಗತಿ ಎಂಬಂತೆ ನೆಲ ನೋಡುವ ಅಪ್ಪಂದಿರು. ಮೇಜಿನ ಈಚೆ ಕೂತು ಅವರನ್ನು ಕನ್ನಡಕದ ಮೇಲಿಂದ ನೋಡುವುದರಲ್ಲಿ ಒಂದು ಸುಖವಿತ್ತು. ಟೀಚರಮ್ಮ ಅದನ್ನು ಯಾರ ಮುಂದೆಯೂ ಒಪ್ಪಿಕೊಂಡವಳಲ್ಲ, ಆದರೆ ಸಭೆಯ ದಿನ ಮಾತ್ರ ಬೀರುವಿನ ಒಳ್ಳೆಯ ಬಟ್ಟೆ ಹೊರಬರುತ್ತಿತ್ತು. ಇವತ್ತೂ ಅದೇ ಬಟ್ಟೆ. ಮನೆಯಲ್ಲಿ ಕಿಟಕಿ ಪೂರ್ತಿ ತೆರೆದಿದ್ದರೂ ಅದರ ಪಕ್ಕದಲ್ಲೇ ನಿಂತು, ಇವತ್ತು ಮಳೆ ಬರುತ್ತಾ ಎಂದು ಫೋನನ್ನು ಕೇಳುತ್ತಿದ್ದ ಗಂಡ, ಅದು ಇಲ್ಲ ಎಂದ ಮೇಲೆ, "ಇವಳೇ, ಕೊಡೆ ಬೇಡವಂತೆ" ಎಂದ. ನಲವತ್ತು ವರ್ಷ ನೀರು ಸರಬರಾಜಿನ ಕಚೇರಿಯಲ್ಲಿ ದುಡಿದು ನಿವೃತ್ತನಾದ ಮನುಷ್ಯ ಆಕಾಶಕ್ಕೊಮ್ಮೆ ತಲೆಯೆತ್ತಲಿಲ್ಲವಲ್ಲ ಎಂದು ಅವಳಿಗೆ ರೇಗಿತು. ಬೇರೆ ದಿನವಾಗಿದ್ದರೆ ಒಂದು ಮಾತು ಆಡಿಯೇ ಹೊರಡುತ್ತಿದ್ದಳು. ಇವತ್ತು ಆಡಲಿಲ್ಲ. ಆಡುವ ಹಕ್ಕು ಕಳೆದುಕೊಂಡು ಮೂರು ವಾರವಾಗಿತ್ತು.

ಕಳೆದುಕೊಂಡದ್ದು ಒಂದು ಭಾನುವಾರದ ಮಧ್ಯಾಹ್ನ. ಪ್ರತಿ ಅವಧಿಯ ಕೊನೆಗೆ ಪ್ರಗತಿಪತ್ರದ ಕೆಳಗೆ ಷರಾ ಬರೆಯಬೇಕು, ಒಬ್ಬೊಬ್ಬರಿಗೂ ಎರಡು ಸಾಲು. ಮೂವತ್ತೊಂದು ವರ್ಷ ಅದನ್ನು ಕೈಯಲ್ಲೇ ಬರೆದವಳು ಅವಳು. ಮಣಿಕಟ್ಟು ನೋಯತೊಡಗಿ ಎರಡು ವರ್ಷವಾದರೂ ಬಿಟ್ಟಿರಲಿಲ್ಲ. ಆ ಮಧ್ಯಾಹ್ನ ಬಿಸಿನೀರಿನ ಚೀಲ ಕೈಗೆ ಒತ್ತಿಕೊಂಡು ಕೂತಿದ್ದಾಗ ಗಂಡ ಪಕ್ಕಕ್ಕೆ ಬಂದು, "ಮೂರು ಪದ ಹೇಳು ಸಾಕು, ಬಾಕಿ ಅದು ನೋಡ್ಕೊಳ್ಳುತ್ತೆ" ಎಂದು ಫೋನಿನಲ್ಲಿ ಯಾವುದೋ ಆ್ಯಪ್ ತೆರೆದು ತೋರಿಸಿದ. ಅವಳ ಬಳಿ ವರ್ಷವಿಡೀ ಗೀಚಿಕೊಳ್ಳುವ ಒಂದು ನೋಟುಪುಸ್ತಕವಿತ್ತು. ಅದರಲ್ಲಿ ಮಕ್ಕಳಿಗೆ ಹೆಸರಿಲ್ಲ, ಹಾಜರಿಯ ಸಂಖ್ಯೆ ಮಾತ್ರ. ಮೂರು: ಲೆಕ್ಕದಲ್ಲಿ ಚುರುಕು, ಸೋಮಾರಿ. ಒಂಬತ್ತು: ಕಿಟಕಿ ನೋಡುತ್ತಾನೆ. ಸಂಖ್ಯೆಯ ಮುಂದೆ ಆ ಪದಗಳನ್ನು ಹೊಡೆಯುತ್ತ ಹೋದಳು, ಯಂತ್ರ ಷರಾ ಬರೆಯುತ್ತ ಹೋಯಿತು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿದಾಗ ಚೀಲದ ನೀರು ಇನ್ನೂ ಬೆಚ್ಚಗೇ ಇತ್ತು. ಸಂಖ್ಯೆಯ ಪ್ರಕಾರ ಶಾಲೆಯ ಕಂಪ್ಯೂಟರಿಗೆ ಕಳಿಸುವ ಮುಂಚೆ ಎಲ್ಲವನ್ನೂ ಓದಿದಳು, ಓದದೆ ಕಳಿಸಿದವಳಲ್ಲ. ಎಲ್ಲವೂ ಚೆನ್ನಾಗಿದ್ದವು, ಅದೇ ಅವಳಿಗೆ ಚುಚ್ಚಿದ್ದು. ಒಂಬತ್ತಕ್ಕೆ, 'ಕಿಟಕಿಯಾಚೆಯ ಜಗತ್ತಿನ ಬಗ್ಗೆ ಇವನಿಗಿರುವ ಕುತೂಹಲವನ್ನು ಪಾಠದೊಳಕ್ಕೆ ತರುವುದು ನಮ್ಮೆಲ್ಲರ ಹೊಣೆ' ಎಂದು ಬರೆದಿತ್ತು. ತಾನಾಗಿದ್ದರೆ 'ಗಮನ ಸಾಲದು' ಎಂದು ಬರೆದು ಸುಮ್ಮನಾಗುತ್ತಿದ್ದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಂತ್ರ ತನಗಿಂತ ಒಳ್ಳೆಯ ಮನಸ್ಸಿನದು ಎಂದು ಅನ್ನಿಸಿದ್ದು ಆಗ. ಆ ಅನ್ನಿಸಿಕೆಯ ಮೇಲೆ ಸಿಟ್ಟು ಬಂದು ಫೋನು ಮಗುಚಿಟ್ಟಳು.

ಸಿಟ್ಟು ಬರಲು ಇನ್ನೊಂದು ಕಾರಣವೂ ಇತ್ತು. ಆ ಭಾನುವಾರಕ್ಕೆ ಎರಡು ತಿಂಗಳು ಮುಂಚೆ ಹಿಂದಿನ ಬೆಂಚಿನ ಉದ್ದನೆಯವನೊಬ್ಬ ನದಿಗಳ ಮೇಲೆ ಮನೆಪಾಠ ಬರೆದು ತಂದಿದ್ದ. ಗುಂಡಗಿನ ಕೈಬರಹ, ಅಂಚಿಗೆ ಹಸಿರು ಗೆರೆ. ಮೊದಲನೆಯ ಸಾಲು: 'ಖಂಡಿತ, ನಿಮಗೆ ಬೇಕಾದ ಪ್ರಬಂಧ ಇಲ್ಲಿದೆ.' ಪಾಪ, ಯಂತ್ರದ ಮರ್ಯಾದೆಯ ಮಾತನ್ನೂ ಬಿಡದೆ ನಕಲು ಮಾಡಿದ್ದ. ಟೀಚರಮ್ಮ ಅವನನ್ನು ಎದುರಿಗೆ ನಿಲ್ಲಿಸಿ ಆ ಸಾಲನ್ನು ಮೂರು ಸಲ ಗಟ್ಟಿಯಾಗಿ ಓದಿಸಿದಳು. ತರಗತಿ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು. ಆಮೇಲೆ ವಾರಗಟ್ಟಲೆ ಮೈದಾನದಲ್ಲಿ ಅವನು ಚೆಂಡು ಕೇಳಿದರೆ, "ಖಂಡಿತ, ನಿಮಗೆ ಬೇಕಾದ ಚೆಂಡು ಇಲ್ಲಿದೆ" ಎಂದು ಎಸೆಯುತ್ತಿದ್ದರು. ಅವನ ಕಿವಿ ಕೆಂಪಾಗುವುದನ್ನು ಅವಳು ಸಿಬ್ಬಂದಿ ಕೊಠಡಿಯ ಕಿಟಕಿಯಿಂದ ನೋಡಿದ್ದಳು. ಸ್ವಂತ ತಲೆ ಅಡವಿಡಬಾರದು ಎಂದು ಬೆಳಗಿನ ಪ್ರಾರ್ಥನೆಯ ಹೊತ್ತು ಭಾಷಣ ಬಿಗಿದವಳೂ ಅವಳೇ. ಈಗ ಹೋದ ವಾರದ ಸಿಬ್ಬಂದಿ ಸಭೆಯಲ್ಲಿ ಹೆಡ್‌ಮಾಸ್ತರರು ಅವಳ ಷರಾಗಳನ್ನು ಕೈಯಲ್ಲಿ ಹಿಡಿದು, "ನೋಡಿ, ಅನುಭವ ಅಂದ್ರೆ ಇದು. ಯಾವ ಯಂತ್ರಕ್ಕೆ ಬರುತ್ತೆ ಹೇಳಿ ಇಂಥಾ ಮಾತು?" ಎಂದಾಗ ಅವಳು ಹಣೆಯ ಬೆವರು ಒರೆಸಿಕೊಂಡಳು. ಎಲ್ಲರೂ ತಿರುಗಿ ನೋಡಿದರು. ಅದನ್ನು ವಿನಯ ಎಂದುಕೊಂಡರು.

ಸಭೆ ಹತ್ತಕ್ಕೆ ಶುರುವಾಯಿತು. ಪಾಲಕರನ್ನು ಹಾಜರಿಯ ಸಂಖ್ಯೆಯ ಪ್ರಕಾರ ಒಬ್ಬೊಬ್ಬರಾಗಿ ಕರೆಯುವುದು ಅವಳ ಪದ್ಧತಿ. ಪ್ರಗತಿಪತ್ರ ಮೂರು ದಿನದ ಹಿಂದೆಯೇ ಅವರವರ ಫೋನಿಗೆ ಹೋಗಿತ್ತು, ಎಲ್ಲರೂ ಓದಿಕೊಂಡೇ ಬಂದಿದ್ದರು. ಒಂದರಿಂದ ಹದಿನಾರರವರೆಗೆ ಸಲೀಸಾಗಿ ಸಾಗಿತು. ಒಂಬತ್ತರ ಅಪ್ಪ ಕಿಟಕಿಯ ಮಾತು ಎತ್ತಿ ಕೈಕುಲುಕಿಯೇ ಹೋದರು. ತಳಮಳ ಇಳಿಯುತ್ತಿದೆ ಎನ್ನುವಷ್ಟರಲ್ಲಿ ಹದಿನೆಂಟರ ತಾಯಿ ಬಂದು ಕೂತರು, ಬ್ಯಾಂಕಿನಲ್ಲಿ ಕೆಲಸ ಮಾಡುವ, ಎಣಿಸಿ ಮಾತಾಡುವ ಹೆಂಗಸು.

"ಒಂದು ಕೇಳ್ತೀನಿ ಮೇಡಂ, ತಪ್ಪು ತಿಳ್ಕೋಬೇಡಿ. 'ಹೊಸ ಪರಿಸರಕ್ಕೆ ಹೋಗಿ ಹೊಂದಿಕೊಳ್ಳುವ ಧೈರ್ಯ ಇವನಲ್ಲಿದೆ, ನಮ್ಮ ಶುಭ ಹಾರೈಕೆಗಳು' ಅಂತ ಬರ್ದಿದೀರಿ. ನಾವು ಎಲ್ಲಿಗೂ ಹೋಗ್ತಿಲ್ವಲ್ಲ? ಮಲಗೋ ಕೋಣೆ ಬದಲಾಯಿಸಿದ್ರೆ ಜ್ವರ ಬರುತ್ತೆ ನಮ್ಮವನಿಗೆ. ಶಾಲೆಯಿಂದ ಏನಾದ್ರೂ ತೆಗೀತಿದೀರಾ?"

"ಅಯ್ಯೋ, ಹಾಗಲ್ಲ. ಮುಂದೆ ದೊಡ್ಡ ಶಾಲೆಗೆ ಹೋಗ್ತಾನಲ್ಲ, ಅದಕ್ಕೆ" ಎಂದು ಟೀಚರಮ್ಮ ಬಾಯಿಗೆ ಬಂದದ್ದು ಹೇಳಿದಳು. ತಾಯಿ, "ಓ, ಮುಂದಕ್ಕಾ!" ಎಂದು ಸಮಾಧಾನವಾಗಿ ಎದ್ದುಹೋದರು. ಅವರ ಬೆನ್ನು ಬಾಗಿಲು ದಾಟಿದ್ದೇ ತಡ ಟೀಚರಮ್ಮ ನೋಟುಪುಸ್ತಕ ತೆರೆದಳು. ಹದಿನೇಳರ ಮುಂದೆ ಅವಳದೇ ಅಕ್ಷರದಲ್ಲಿ, 'ಊರು ಬಿಟ್ಟು ಹೋದ' ಎಂದಿತ್ತು. ಅಪ್ಪನಿಗೆ ವರ್ಗವಾಗಿ ಆ ಹುಡುಗ ಅರ್ಧ ವರ್ಷಕ್ಕೇ ಹೊರಟುಹೋಗಿದ್ದ. ಹಾಜರಿ ಪುಸ್ತಕದಲ್ಲಿ ಅವನ ಸಾಲಿಗೆ ಕೆಂಪು ಗೆರೆ ಎಳೆದು ಸಂಖ್ಯೆಯನ್ನು ಹಾಗೇ ಖಾಲಿ ಬಿಟ್ಟಿದ್ದಳು. ಹೋದ ಮಗುವಿನ ಸಂಖ್ಯೆಯನ್ನು ಆ ವರ್ಷ ಇನ್ನೊಬ್ಬರಿಗೆ ಕೊಡಬಾರದು ಎಂದು ಅವಳಿಗೆ ಕೆಲಸ ಕಲಿಸಿದ ಹಿರಿಯರು ಹೇಳಿಕೊಟ್ಟಿದ್ದರು, ಅವಳು ಮುರಿದಿರಲಿಲ್ಲ. ಭಾನುವಾರ ಅಭ್ಯಾಸಬಲದಿಂದ ಆ ಮೂರು ಪದವನ್ನೂ ಹೊಡೆದುಬಿಟ್ಟಿದ್ದಳು. ಬರೆಯಲು ಏನೂ ಇಲ್ಲ ಎಂದು ಯಂತ್ರ ಸುಮ್ಮನಿರುವ ಜಾತಿಯದಲ್ಲ. ಊರು ಬಿಟ್ಟು ಹೋದವನಿಗೂ ಶುಭ ಹಾರೈಸಿತ್ತು.

ಎರಡು ನಿಮಿಷ ಎಂದು ಹೊರಗೆ ಕಾಯುತ್ತಿದ್ದವರಿಗೆ ಕೈಸನ್ನೆ ಮಾಡಿ ಕಚೇರಿಗೆ ಓಡಿದಳು. ಗುಮಾಸ್ತರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆಯೇ ಹೇಳಿದರು. "ಹೋದವರ ಜಾಗ ಇದು ತಾನೇ ಮುಚ್ಕೊಳ್ಳುತ್ತೆ ಮೇಡಂ. ಇದರಲ್ಲಿ ಹದಿನೆಂಟನೆಯವನೇ ಈಗ ಹದಿನೇಳು. ಖಾಲಿ ಬಿಡಲ್ಲ ಇದು. ಸುತ್ತೋಲೆ ಬಂದಿತ್ತಲ್ಲ, ಸೈನೂ ಹಾಕಿದೀರಿ." ಅಂದರೆ ಅಲ್ಲಿಂದ ಮುಂದೆ ಕೊನೆಯವರೆಗೂ ಪ್ರತಿ ಮಗುವಿಗೂ ತನ್ನ ಹಿಂದಿನ ಮಗುವಿನ ಷರಾ ಹೋಗಿದೆ. ಅವಳು ಭಾನುವಾರ ಷರಾಗಳನ್ನು ಓದಿದ್ದಳು, ನಿಜ. ಅವು ಯಾರ ಹೆಸರಿನ ಕೆಳಗೆ ಕೂತವು ಎಂದು ಆಮೇಲೆ ನೋಡಿರಲಿಲ್ಲ. ಗುಮಾಸ್ತರು ಅವಳ ಮುಖ ನೋಡಿ ಕನಿಕರಪಟ್ಟರು. "ಅಯ್ಯೋ, ಅದಕ್ಕೆ ಯಾಕಿಷ್ಟು ಗಾಬರಿ? ಒಂದು ಗಂಟೆಯಲ್ಲಿ ಸರಿ ಮಾಡಿ ಹಾಕ್ತೀನಿ. ಸರಿಯಾದದ್ದು ತಾನಾಗೇ ಎಲ್ಲರ ಫೋನಿಗೂ ಹೋಗುತ್ತೆ, ಹಳೇದು ಅಳಿಸಿಹೋಗುತ್ತೆ. ಯಾರಿಗೂ ಗೊತ್ತಾಗಲ್ಲ ಬಿಡಿ. ಯಾರು ಓದ್ತಾರೆ ಷರಾನ?" ಅವಳು, "ಮಾಡಿಬಿಡಿ" ಎಂದಳು. ಕಾರಿಡಾರಿನಲ್ಲಿ ವಾಪಸು ಬರುವಾಗ ಮೊದಲನೆಯ ಸಮಾಧಾನ ಇಳಿದು, ಕೊನೆಯ ಮಾತು ಮುಳ್ಳಿನ ಹಾಗೆ ಒಳಗೆ ಉಳಿಯಿತು. ಯಾರೂ ಓದದಿದ್ದರೆ ಈ ಮಣಿಕಟ್ಟು ಯಾಕೆ ನೋಯುತ್ತಿದೆ?

ಆದರೆ ಓದಿದ್ದರು. ಎಲ್ಲರೂ ಓದಿದ್ದರು, ಮತ್ತು ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಇದು ಅವಳಿಗೆ ಮುಂದಿನ ಮುಕ್ಕಾಲು ಗಂಟೆಯಲ್ಲಿ ತಿಳಿದುಬಂದ ವಿಷಯ, ಇದಕ್ಕಿಂತ ದೊಡ್ಡ ಅವಮಾನ ಅವಳ ವೃತ್ತಿಯಲ್ಲಿ ಆಗಿರಲಿಲ್ಲ. ಹತ್ತೊಂಬತ್ತರ ಅಪ್ಪ, ಪಕ್ಕದ ಹುಡುಗನಿಗೆ ಬರೆದ ಷರಾ ಓದಿ, "ಕರೆಕ್ಟಾಗಿ ಹಿಡಿದಿದೀರಿ ಮೇಡಂ, ಥೇಟ್ ಅವರ ತಾತನ ಗುಣ" ಎಂದರು. ಇಪ್ಪತ್ತೊಂದರ ಅಮ್ಮ ಕಣ್ಣೊರೆಸಿಕೊಂಡರು. ಯಾರದೋ ಅಂಗಿ ಯಾರಿಗೋ ತೊಡಿಸಿದ್ದರೂ ಎಲ್ಲರಿಗೂ ಅಳತೆ ತೆಗೆದು ಹೊಲಿದಂತೆ ಕೂತಿತ್ತು. ಹಾಗಾದರೆ ಮೂವತ್ತೊಂದು ವರ್ಷ ತಾನು ಬರೆದ 'ಉತ್ತಮ, ಇನ್ನೂ ಶ್ರಮಿಸಬೇಕು' ಯಾರಿಗೆ ಬರೆದದ್ದು? ಅವನ್ನೂ ಯಾರಾದರೂ ಒಂದು ಸಾಲು ಆಚೀಚೆ ಮಾಡಿದ್ದರೆ ಅಪ್ಪಂದಿರು ಹೀಗೇ ತಲೆಯಾಡಿಸುತ್ತಿದ್ದರೇನೋ. ಯಂತ್ರವನ್ನು ಬೈದು ತಪ್ಪಿಸಿಕೊಳ್ಳುವ ದಾರಿಯೂ ಮುಚ್ಚಿತು. ಅದು ಸುಳ್ಳು ಹೇಳಿರಲಿಲ್ಲ, ಅವಳು ಕೊಟ್ಟ ಮೂರು ಪದವನ್ನು ಹಿಗ್ಗಿಸಿ ಕೊಟ್ಟಿತ್ತು, ಅಷ್ಟೇ. ಮಗುವಿಗೆ ಮೂರೇ ಪದ ಎತ್ತಿಟ್ಟವಳು ತಾನು.

ಇಪ್ಪತ್ತಾರರ ತಾಯಿ ಮಾತ್ರ ಜೋರಾಗಿ ನಕ್ಕರು. "ಮೇಡಂ, 'ಚರ್ಚೆಗಳಲ್ಲಿ ಇನ್ನಷ್ಟು ದನಿಯೆತ್ತಿದರೆ ಚೆನ್ನ' ಅಂತ ಬರ್ದಿದೀರಲ್ಲ, ಇವಳು ಇನ್ನೂ ಮಾತಾಡಬೇಕಾ? ನಮ್ಮನೇಲಿ ಆಗ್ಲೇ ಎಲ್ಲರ ಕಿವಿ ತೂತಾಗಿದೆ!" ಪಕ್ಕದಲ್ಲಿ ನಿಂತಿದ್ದ ಹುಡುಗಿ ನಗಲಿಲ್ಲ. ತರಗತಿಯಲ್ಲಿ ಕೈ ಎತ್ತಿದರೆ ಇಳಿಸದವಳು, ಪ್ರಶ್ನೆಯ ಬಾಲಕ್ಕೆ ಇನ್ನೊಂದು ಪ್ರಶ್ನೆ ಕಟ್ಟುವವಳು, ಮೂರು ದಿನದಿಂದ ತನ್ನ ಪ್ರಶ್ನೆಗಳು ಟೀಚರಮ್ಮನ ಕಿವಿಗೆ ಬಿದ್ದೇ ಇಲ್ಲವೇ ಎಂದು ಲೆಕ್ಕ ಹಾಕುತ್ತಿರುವಂತೆ ಮೇಜಿನ ಕಾಲು ನೋಡುತ್ತಿದ್ದಳು. ಈಗಲೇ ಹೇಳಿಬಿಡೋಣ ಎಂದು ಟೀಚರಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲಲ್ಲಿ ಹೆಡ್‌ಮಾಸ್ತರರು ಇಣುಕಿ, ಕಾಯುತ್ತಿದ್ದ ಪಾಲಕರಿಗೆ ಕೇಳಿಸುವಂತೆ, "ನಮ್ಮ ಶಾಲೆಯ ಆಸ್ತಿ ಇವರು" ಎಂದು ಹೇಳಿ ಹೋದರು. ತೆರೆದ ಬಾಯಿಂದ, "ಚೂಟಿ ಹುಡುಗಿ" ಎಂಬ ಎರಡು ಪದ ಮಾತ್ರ ಹೊರಬಂದವು. ಆಮೇಲೆ ಹೇಳುತ್ತೇನೆ, ಸಾಯಂಕಾಲ ಫೋನು ಮಾಡುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಳು. ತಾಯಿ ಮಗಳು ಹೊರಗೆ ಹೋಗಿ ಕಾರಿಡಾರಿನ ನಲ್ಲಿಯ ಹತ್ತಿರ ಯಾರ ಜೊತೆಗೋ ಹರಟೆಗೆ ನಿಂತರು.

ಮುಂದಿನದು ಇಪ್ಪತ್ತೇಳು. ಟೀಚರಮ್ಮ ನೋಟುಪುಸ್ತಕದಲ್ಲಿ ಬೆರಳಿಟ್ಟು ನೋಡಿದಳು. 'ಶಾಂತ. ಕೈಬರಹ ಪರವಾಗಿಲ್ಲ.' ಇಷ್ಟೇ. ಆ ಹುಡುಗಿಯ ದನಿ ಹೇಗಿದೆ ಎಂದು ನೆನಪಿಸಿಕೊಳ್ಳಲು ಹೊರಟರೆ ಸಿಕ್ಕಿದ್ದು ದಿನಾ ಬೆಳಿಗ್ಗೆ ಹಾಜರಿ ಕೂಗುವಾಗಿನ ಒಂದೇ ಒಂದು "ಪ್ರೆಸೆಂಟ್ ಮೇಡಂ." ಅದೂ ಮುಂದಿನ ಸಂಖ್ಯೆಯ ಗದ್ದಲದಲ್ಲಿ ಅರ್ಧ ಮುಳುಗಿಹೋಗುವಂಥದು. ಅವಳಿಗೆ ಈಗ ಹೋಗಿರುವುದು ಇಪ್ಪತ್ತಾರರ ಷರಾ.

ಅಪ್ಪ ಮಗಳು ಒಳಗೆ ಬಂದರು. ಅಪ್ಪ ಲಿಫ್ಟ್ ರಿಪೇರಿಯವನು. ಕೆಲಸದ ನೀಲಿ ಅಂಗಿಯಲ್ಲೇ ಬಂದಿದ್ದ, ಉಗುರಿನ ಸಂದಿಯಲ್ಲಿ ಗ್ರೀಸು. ಅರ್ಧ ದಿನ ರಜೆ ಹಾಕಿ ಬಂದೆ, ಹೆಂಡತಿಗೆ ಬೆಳಗಿನ ಪಾಳಿ ಎಂದು ಮೊದಲೇ ಕ್ಷಮೆ ಕೇಳುವವನಂತೆ ಹೇಳಿದ. ಪ್ಲಾಸ್ಟಿಕ್ ಲಕೋಟೆಯೊಂದನ್ನು ಜೋಪಾನವಾಗಿ ಮೇಜಿನ ಮೇಲಿಟ್ಟ. ಫೋನಿಗೆ ಬಂದ ಪ್ರಗತಿಪತ್ರವನ್ನು ಅಂಗಡಿಯಲ್ಲಿ ಕಾಗದದ ಮೇಲೆ ಅಚ್ಚು ಹಾಕಿಸಿ ಅದರೊಳಗೆ ಸೇರಿಸಿದ್ದ. ಅಚ್ಚಾದ ಸಾಲುಗಳನ್ನು ಟೀಚರಮ್ಮ ತಲೆಕೆಳಗಾಗಿಯೇ ಓದಿದಳು. 'ಇವಳು ಕೇಳುವ ಪ್ರಶ್ನೆಗಳು ಇಡೀ ತರಗತಿಯನ್ನು ಎಚ್ಚರಿಸುತ್ತವೆ. ಕೇಳುವ ಧೈರ್ಯವನ್ನು ಎಲ್ಲರೂ ಇವಳಿಂದ ಕಲಿಯಬಹುದು.'

"ಮೇಡಂ, ನಾನು ಮಾತಾಡೋನಲ್ಲ" ಎಂದು ಅವನು ಶುರುಮಾಡಿದ. "ನಮ್ಮ ಕೆಲಸ ಹೇಗೆ ಅಂದ್ರೆ, ಲಿಫ್ಟ್ ನಿಂತಾಗ ಮಾತ್ರ ಜನ ಫೋನ್ ಮಾಡ್ತಾರೆ. ಚೆನ್ನಾಗಿ ಓಡ್ತಿದೆ ಕಣಯ್ಯಾ ಅಂತ ಇವತ್ತಿನವರೆಗೂ ಒಬ್ಬ ಫೋನ್ ಮಾಡಿಲ್ಲ. ಶಾಲೆಯಿಂದಲೂ ನಮಗೆ ಹಾಗೇನೇ. ಏಳು ವರ್ಷ ಆಯ್ತು, ಕರೆದಾಗೆಲ್ಲ ಒಂದೇ ಮಾತು. ಮಾತಾಡಲ್ಲ, ಮಾತಾಡಲ್ಲ. ಡಾಕ್ಟರಿಗೂ ತೋರಿಸಿದ್ವಿ. ಇದು ಬಂತು ನೋಡಿ... ನಮ್ಮಮ್ಮನಿಗೆ ಕಣ್ಣು ಕಾಣಲ್ಲ, ಮೂರು ಸಲ ಓದಿಸಿಕೊಂಡ್ರು. ಮೂರನೇ ಸಲ ಇವಳ ಕೈಲೇ ಓದಿಸಿದ್ರು." ಅವನು ಮಗಳ ಕಡೆ ನೋಡಿದ. ಹುಡುಗಿ ಅಪ್ಪನ ಕುರ್ಚಿಯ ಹಿಂದೆ, ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. "ನಿನ್ನೆ ಊಟಕ್ಕೆ ಕೂತಾಗ ಕೇಳ್ತಾಳೆ, ಅಪ್ಪಾ, ಲಿಫ್ಟ್ ಒಳಗೆ ಕನ್ನಡಿ ಯಾಕೆ ಇಡ್ತಾರೆ ಅಂತ. ಇಷ್ಟು ವರ್ಷ ಲಿಫ್ಟ್ ಕೆಲಸ ಮಾಡ್ತಿದೀನಿ, ನನ್ನ ಒಬ್ಬರೂ ಏನೂ ಕೇಳಿರಲಿಲ್ಲ. ರಾತ್ರಿ ನಾವಿಬ್ಬರೂ ಗಂಡ ಹೆಂಡ್ತಿ ನಿದ್ದೆ ಮಾಡಲಿಲ್ಲ ಮೇಡಂ. ಸಂತೋಷಕ್ಕೆ."

ಟೀಚರಮ್ಮ ಲಕೋಟೆಯ ಮೇಲಿನ ಬೆಳಕನ್ನು ನೋಡುತ್ತಿದ್ದಳು. ಮೂರನೆಯ ಸಲ ಇವಳ ಕೈಲೇ ಓದಿಸಿದರು. ತಾನು ಚಿಕ್ಕವಳಿದ್ದಾಗ ಒಲೆಯ ಮುಂದೆ ಕೂತ ತನ್ನ ಅವ್ವನೂ ಹೀಗೇ ಕೈ ಒರೆಸಿಕೊಂಡು, ಏನು ಬರ್ದಿದಾರೆ ಓದೇ ಎನ್ನುತ್ತಿದ್ದಳು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಶಾಲೆಯ ಕಾಗದದಲ್ಲಿ ಇದ್ದದ್ದು, 'ಸಾಧಾರಣ'. ಹತ್ತು ವರ್ಷದ ಅವಳು ಉಗುಳು ನುಂಗಿ ಓದಿದ್ದು, 'ತುಂಬಾ ಜಾಣೆ, ಮುಂದೆ ಟೀಚರ್ ಆಗುತ್ತಾಳೆ.' ಅವ್ವ ಅದನ್ನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೇಳಿಕೊಂಡು ಬಂದಳು. ಸಾಯುವವರೆಗೂ, ಯಾರು ಬಂದರೂ, ಇವಳ ಮೇಷ್ಟ್ರು ಆವಾಗಲೇ ಬರೆದುಕೊಟ್ಟಿದ್ದರು ಎನ್ನುತ್ತಿದ್ದಳು. ಆ ಸುಳ್ಳನ್ನು ನಿಜ ಮಾಡಲು ಓದಬೇಕಾಯಿತು, ಓದಿದಳು, ಟೀಚರೂ ಆದಳು. ಹಾಗಾದರೆ ಸುಳ್ಳಿನಿಂದ ಕೆಟ್ಟದ್ದೇನಾಯಿತು? ಸುಮ್ಮನಿದ್ದುಬಿಡಬಹುದು. ಗುಮಾಸ್ತರ ಹತ್ತಿರ ಓಡಿಹೋಗಿ, ಇಪ್ಪತ್ತೇಳು ಒಂದನ್ನು ಮುಟ್ಟಬೇಡಿ ಎನ್ನಬಹುದು. ಆದರೆ ಆ ಸುಳ್ಳನ್ನು ಹೇಳಿದವಳಿಗೆ ಅದು ಸುಳ್ಳೆಂದು ಗೊತ್ತಿತ್ತು. ಪ್ರತಿ ಬಹುಮಾನ ತೆಗೆದುಕೊಳ್ಳುವಾಗ, ಇವತ್ತಿಗೂ ಯಾರಾದರೂ ಹೊಗಳಿದಾಗ, ಯಾರೋ ಹಿಂದಿನಿಂದ ಬಂದು 'ಸಾಧಾರಣ' ಎಂದು ಓದಿ ಹೇಳಿಬಿಡುತ್ತಾರೆ ಎಂಬ ಅಂಜಿಕೆ ಹೋಗಿರಲಿಲ್ಲ. ಹೋದ ವಾರ ಹಣೆ ಬೆವರಿದ್ದೂ ಅದಕ್ಕೇ. ಗೋಡೆಯ ಗಡಿಯಾರ ನೋಡಿದಳು. ಗುಮಾಸ್ತರಿಗೆ ಹೇಳಿ ಐವತ್ತು ನಿಮಿಷವಾಗಿತ್ತು.

"ನೀವೇ ಅದನ್ನ ಕಂಡುಹಿಡಿದಿರಿ ಮೇಡಂ" ಎಂದ ಲಿಫ್ಟಿನವನು. "ನಿಮಗೆ ಏನು ಹೇಳಬೇಕೋ ನನಗೆ ತಿಳೀತಿಲ್ಲ."

ಆಗ ಕುರ್ಚಿಯ ಹಿಂದಿನಿಂದ ದನಿ ಬಂತು. ಒರಟು ದನಿ, ಅಷ್ಟು ಸಣ್ಣ ಮೈಯಿಂದ ಬರಬಹುದು ಎಂದು ಯಾರೂ ಎಣಿಸದಂಥದು.

"ಮೇಡಂ, ನಾನು ಯಾವ ಪ್ರಶ್ನೆ ಕೇಳಿದ್ದೆ?"

ಅಪ್ಪ ನಕ್ಕ. "ಇದೇನೇ ಇದು, ನಿಂಗೇ ನೆನಪಿಲ್ವಾ?"

"ಮೂರು ದಿನದಿಂದ ಯೋಚನೆ ಮಾಡ್ದೆ" ಎಂದಳು ಹುಡುಗಿ, ಅಪ್ಪನಿಗಲ್ಲ, ಟೀಚರಮ್ಮನಿಗೆ. "ನಾನು ಕ್ಲಾಸಲ್ಲಿ ಏನೂ ಕೇಳೇ ಇಲ್ಲ. ಒಂದು ಸಲಾನೂ. ಅಜ್ಜಿ ಖುಷಿಯಾಗಿದ್ರು ಅಂತ ಹೇಳ್ಲಿಲ್ಲ. ಇದು ನಂದಲ್ಲ, ಅಲ್ವಾ ಮೇಡಂ?"

ಹೌದು ನಿನ್ನದೇ ಎನ್ನಲು ಒಂದು ಕ್ಷಣ ಸಾಕಿತ್ತು. ಟೀಚರಮ್ಮನ ನಾಲಿಗೆ ಅದಕ್ಕೆ ತಯಾರಾಗಿಯೂ ಇತ್ತು, ಬೆಳಗಿನಿಂದ ಅದಕ್ಕೆ ಅಭ್ಯಾಸವಾಗಿತ್ತು. ಆದರೆ ಆ ಮಗು ಮೂರು ದಿನ ಒಬ್ಬಳೇ ಹೊತ್ತುಕೊಂಡು ತಿರುಗಿದ್ದು ಏನೆಂದು ಆ ಕೋಣೆಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ.

"ಅಲ್ಲ" ಎಂದಳು. "ನಿನ್ನದಲ್ಲ. ಸಂಖ್ಯೆ ತಪ್ಪಿ ಇನ್ನೊಬ್ಬಳದು ನಿನಗೆ ಬಂದಿದೆ. ತಪ್ಪು ನನ್ನದು. ಮತ್ತೆ..." ಇಲ್ಲಿ ಅವಳು ಒಂದು ಗುಟುಕು ನೀರು ಕುಡಿದಳು. "ಅದನ್ನ ಬರೆದದ್ದೂ ನಾನಲ್ಲ. ಕೈ ನೋವು ಅಂತ ಆ್ಯಪ್‌ನಲ್ಲಿ ಬರೆಸಿದೆ. ಎಲ್ಲರದ್ದೂ."

ಲಿಫ್ಟಿನವನ ನಗು ಮುಖದಿಂದ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಲಕೋಟೆಯನ್ನು ತನ್ನ ಕಡೆಗೆ ಎಳೆದುಕೊಂಡ. "ಹಾಗಾದ್ರೆ ಇವಳ ಬಗ್ಗೆ ನೀವು..." ಎಂದು ನಿಲ್ಲಿಸಿದ. ಟೀಚರಮ್ಮ ನೋಟುಪುಸ್ತಕವನ್ನು ಅವನ ಕಡೆಗೆ ತಿರುಗಿಸಿ ಸಾಲಿನ ಮೇಲೆ ಬೆರಳಿಟ್ಟಳು. ಮೂರು ಪದ ಓದಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಗುರ್ ಎಂದಿತು. ಕೆಲಸದ್ದಿರಬೇಕು ಎಂದು ತೆಗೆದು ನೋಡಿ, ಹುಬ್ಬು ಗಂಟಿಕ್ಕಿ, ಗಟ್ಟಿಯಾಗಿ ಓದಿದ. "'ತಿದ್ದಿದ ಪ್ರಗತಿಪತ್ರ. ಶಾಂತ ಸ್ವಭಾವದ ಈ ವಿದ್ಯಾರ್ಥಿನಿಯ ಅಚ್ಚುಕಟ್ಟಾದ ಬರಹ ಅವಳ ನಿರ್ಮಲ ಮನಸ್ಸಿನ ಕನ್ನಡಿಯಾಗಿದೆ.'"

"ಅದೂ ನಾನಲ್ಲ" ಎಂದಳು ಟೀಚರಮ್ಮ.

"ಗೊತ್ತಾಯ್ತು" ಎಂದ ಅವನು. ಸಿಟ್ಟಿನಿಂದಲ್ಲ. ಬಾಗಿಲು ತೆರೆಯದ ಲಿಫ್ಟಿನ ಮುಂದೆ ನಿಂತು ಯೋಚಿಸುವವನ ಹಾಗೆ. "ನಮ್ಮಮ್ಮನಿಗೆ ಏನು ಹೇಳೋದು?" ಎಂದು ತನಗೆ ತಾನೇ ಕೇಳಿಕೊಂಡ. ಹೊರಗೆ ಕಾಯುತ್ತಿದ್ದವರ ಜೇಬುಗಳಲ್ಲೂ ಒಂದೊಂದಾಗಿ ಫೋನುಗಳು ಸದ್ದು ಮಾಡತೊಡಗಿದ್ದವು. ಇನ್ನು ಅವರಿಗೆಲ್ಲ ಹೇಳಬೇಕು, ಹೆಡ್‌ಮಾಸ್ತರರಿಗೆ ಹೇಳಬೇಕು, ನಲ್ಲಿಯ ಹತ್ತಿರ ನಿಂತಿರುವ ಇಪ್ಪತ್ತಾರಕ್ಕೆ, ಮೈದಾನದಲ್ಲಿ ಕಿವಿ ಕೆಂಪು ಮಾಡಿಕೊಂಡು ನಿಲ್ಲುವ ಉದ್ದನೆಯವನಿಗೆ. ಮಾನ ಹೋಗುವುದು ಖಚಿತವಾದ ಮೇಲೆ ಬೆಳಗಿನಿಂದ ಕಾಡುತ್ತಿದ್ದ ತಳಮಳ ಇಳಿದಿತ್ತು. ಅದರ ಜಾಗದಲ್ಲಿ ಬರೀ ನಾಚಿಕೆ ಉಳಿಯಿತು. ನಾಚಿಕೆಯನ್ನು ತಡೆದುಕೊಳ್ಳಬಹುದು ಎಂದುಕೊಂಡಳು.

"ಇದು ಅವಳದ್ದಾ?" ಎಂದಳು ಹುಡುಗಿ. ಗದರಿಸಿದರೂ ನಿಲ್ಲುವ ಹಾಗೆ ಕಾಣಲಿಲ್ಲ. "ಇಪ್ಪತ್ತಾರನೆಯವಳದ್ದು?"

"ಹೌದು. ನಿನಗೆ ಹೇಗೆ ಗೊತ್ತು?"

"ಅವಳೇ ಅಲ್ವಾ ಕೇಳೋದು." ಹುಡುಗಿ ಕುರ್ಚಿಯ ಬೆನ್ನು ಬಿಟ್ಟು ಮೇಜಿನ ಹತ್ತಿರ ಬಂದಳು. "ಮೇಡಂ, ಎಲ್ಲರನ್ನೂ ಎಚ್ಚರಿಸೋ ಪ್ರಶ್ನೆ ಅಂತಿದೆಯಲ್ಲ, ಅದು ಯಾವುದು? ಸಮುದ್ರದ್ದಾ?"

ಟೀಚರಮ್ಮ ನೆನಪಿಸಿಕೊಳ್ಳಲು ನೋಡಿದಳು. ಇಪ್ಪತ್ತಾರರ ಎತ್ತಿದ ಕೈ ಕಾಣುತ್ತಿತ್ತು, ಗಡಿಯಾರ ಕಾಣುತ್ತಿತ್ತು, ಮುಗಿಯದ ಪಾಠ ಕಾಣುತ್ತಿತ್ತು. ಕೇಳಿದ್ದೇನು ಎಂಬುದು ಮಾತ್ರ ಒಂದೂ ಉಳಿದಿರಲಿಲ್ಲ. "ಯಾವ ಸಮುದ್ರದ್ದು?" ಎಂದಳು.

"ಬೆಟ್ಟದ ಎತ್ತರ ಹೇಳುವಾಗ ಸಮುದ್ರ ಮಟ್ಟದಿಂದ ಇಷ್ಟು ಅಂದ್ರಿ. ಅವಳು ಕೇಳಿದ್ಲು, ಸಮುದ್ರ ಒಂದು ಕಡೆ ನಿಲ್ಲಲ್ವಲ್ಲ ಮೇಡಂ, ಅಲೆ ಬರುತ್ತೆ, ಏರುತ್ತೆ, ಇಳಿಯುತ್ತೆ, ಯಾವಾಗಿನದನ್ನ ಮಟ್ಟ ಅಂತ ಹಿಡೀತಾರೆ ಅಂತ. ನೀವು ನಾಳೆ ಹೇಳ್ತೀನಿ ಅಂದ್ರಿ." ಹುಡುಗಿ ಒಮ್ಮೆ ಉಸಿರು ತೆಗೆದುಕೊಂಡಳು. ದೂರು ಹೇಳುವ ದನಿ ಅದಾಗಿರಲಿಲ್ಲ. "ಹೇಳ್ಲಿಲ್ಲ. ಅವಳಿಗೆ ಮರೆತುಹೋಯ್ತು, ಅವಳು ಬೇರೆ ಕೇಳಿದ್ಲು. ನಾನು ಕಾಯ್ತಾ ಇದ್ದೆ."

ಲಿಫ್ಟಿನವನು ತಲೆಯೆತ್ತಿ ಮಗಳನ್ನು ನೋಡಿದ. ಟೀಚರಮ್ಮನೂ ನೋಡಿದಳು. ಹತ್ತು ತಿಂಗಳು ಮೂರನೆಯ ಸಾಲಿನ ಗೋಡೆ ಬದಿಯಲ್ಲಿ ಕೂತಿದ್ದ ಮುಖವನ್ನು, ಹುಬ್ಬಿನ ಮೇಲಿನ ಸಣ್ಣ ಗಾಯದ ಗುರುತನ್ನು, ತಾನು ಏನಾದರೂ ಹೇಳುತ್ತೇನೆಂದು ಇನ್ನೂ ಕಾಯುತ್ತಿರುವ ಆ ಕಣ್ಣುಗಳನ್ನು. ತಾನು ಇಷ್ಟು ದಿನ ಪಾಠ ಮಾಡಿದ್ದು ಈ ಮಗುವಿಗೆ, ಇದು ತನಗೆ ಗೊತ್ತಿರಲಿಲ್ಲ.

ಅವಳು ಲಕೋಟೆಯಿಂದ ಕಾಗದ ಹೊರತೆಗೆದು, ಮಗುಚಿ, ಖಾಲಿ ಬೆನ್ನಿನ ಮೇಲೆ ಪೆನ್ನಿನಿಂದ ಬರೆಯತೊಡಗಿದಳು. ಮಣಿಕಟ್ಟು ಚುಳುಕ್ ಎಂದಿತು. 'ಇವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ನಾನು ನಾಳೆ ಎಂದು ಹೇಳಿ ಉತ್ತರ ಕೊಡದೆ ಬಿಟ್ಟ ಪ್ರಶ್ನೆಯನ್ನು ನಾನು ಮರೆತೆ, ಕೇಳಿದವಳೂ ಮರೆತಳು. ಇವಳು ಮರೆಯಲಿಲ್ಲ.' ಸಹಿ ಹಾಕಿ ಅಪ್ಪನ ಕಡೆ ತಳ್ಳಿದಳು. ಅವನು ಓದಿದ, ಮತ್ತೊಮ್ಮೆ ಓದಿದ. "ಇದನ್ನ ಅಮ್ಮನಿಗೆ ಓದಬಹುದಾ?" ಎಂದ.

"ಓದಿ. ಇದು ನಿಮ್ಮ ಮಗಳದ್ದೇ" ಎಂದಳು ಟೀಚರಮ್ಮ. ಆಮೇಲೆ ಹುಡುಗಿಯ ಕಡೆ ತಿರುಗಿದಳು. ಕೇಳಲು ಹೆದರಿಕೆಯಾಯಿತು, ಆದರೂ ಕೇಳಿದಳು. "ಹೀಗೆ ನಾನು ನಾಳೆ ಅಂದದ್ದು ಇನ್ನೂ ಇವೆಯೇನಮ್ಮ?"

ಹುಡುಗಿ ಅಪ್ಪನ ಮುಖ ನೋಡಿದಳು, ಬೆರಳುಗಳ ಮೇಲೆ ಏನೋ ಎಣಿಸಿಕೊಂಡಳು, ಎರಡನೆಯ ಸಲ ಎಣಿಸಿ ಖಾತ್ರಿ ಮಾಡಿಕೊಂಡಳು.

"ಇನ್ನೂ ಹನ್ನೊಂದಿವೆ ಮೇಡಂ."

ಹೊರಗೆ ಇಪ್ಪತ್ತೆಂಟರ ಅಪ್ಪ ಕೆಮ್ಮಿದರು. ಟೀಚರಮ್ಮ ಪಕ್ಕದ ಕುರ್ಚಿಯನ್ನು ಕಾಲಿನಿಂದ ಹತ್ತಿರಕ್ಕೆ ಎಳೆದು, "ಕೂತ್ಕೊ" ಎಂದಳು, "ಮೊದಲನೆಯದು ಹೇಳು."